ಸುಳ್ಳು ಆರ್ಡರಿನ ಖರೇ ರೊಟ್ಟಿ

ತಪ್ಪು ನನ್ನದೇ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಟ್ಟರೆ ಕ್ಷೇಮ. ಇಲ್ಲದಿದ್ದರೆ ನಮ್ಮ ಚಿಗವ್ವ ಯಾರ ಕೈಯಿಂದಲಾದರೂ ಇದನ್ನು ಓದಿಸಿ ಕೇಳುತ್ತಾ, ಎರಡನೆಯ ಸಾಲಿಗೇ ತಡೆದು, "ಆ ಮಂಗ್ಯಾ ಏನ್ ಮಾಡಿದ ಅನ್ನೋದು ಮೊದಲ ಓದು" ಎನ್ನುತ್ತಾಳೆ. ನಾನು ಮಾಡಿದ್ದು ಇಷ್ಟು: ಇನ್ನೊಬ್ಬರ ದನಿಯಲ್ಲಿ ಫೋನ್ ಮಾಡಿ, ಇಲ್ಲದ ಮದುವೆಯೊಂದಕ್ಕೆ ಚಿಗವ್ವನಿಗೆ ರಾಶಿಗಟ್ಟಲೆ ಜೋಳದ ರೊಟ್ಟಿ ಆರ್ಡರ್ ಕೊಟ್ಟೆ. ಆಮೇಲೆ ಆ ರಾಶಿಯನ್ನು ಹೇರಿಕೊಂಡು ಊರೂರು ತಿರುಗಿದವನೂ ನಾನೇ.

ಬೇರೆಯವರ ದನಿ ಬರುವುದು ನನಗೆ ಹುಟ್ಟಿನಿಂದ ಅಂಟಿದ ರೋಗ. ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕಂಡಕ್ಟರನ ದನಿಯಲ್ಲಿ "ಮಸ್ಕಿ, ಲಿಂಗಸುಗೂರು, ಹತ್ರೀ ಹತ್ರೀ" ಎಂದರೆ ನಾಲ್ಕು ಜನ ಚೀಲ ಎತ್ತಿಕೊಂಡು ನನ್ನ ಮೇಲೆಯೇ ಹತ್ತಲು ಬರುತ್ತಾರೆ. ನಾನು ಕೆಲಸ ಮಾಡುವ ಗೊಬ್ಬರದ ಅಂಗಡಿಯ ಸಾವ್ಕಾರರ ಕೆಮ್ಮು ಕೆಮ್ಮಿದರೆ ಹಮಾಲರು ಬೀಡಿ ಆರಿಸಿ ಎದ್ದು ನಿಲ್ಲುತ್ತಾರೆ. ಮುಖ ನನ್ನದು ಎರಡನೆಯ ಸಲ ನೋಡುವಂಥದ್ದಲ್ಲ. ಓದು ಡಿಗ್ರಿಯ ನಡುವೆಯೇ ನನ್ನ ಕೈ ಬಿಡಿಸಿಕೊಂಡು ಓಡಿಹೋಯಿತು. ಉಳಿದದ್ದು ಗಂಟಲೊಂದೇ, ಅದನ್ನೇ ದುಡಿಸಿಕೊಳ್ಳುತ್ತೇನೆ.

ಚಿಗವ್ವ ಎಂದರೆ ನಮ್ಮವ್ವನ ತಂಗಿ. ಇಬ್ಬರೂ ಸಂತೆಕಲ್ಲೂರಿನ ಒಣಭೂಮಿಯಲ್ಲಿ ಜೋಳದ ರೊಟ್ಟಿ ತಿಂದು ಬೆಳೆದವರು. ಚಿಗವ್ವನ ಗಂಡ, ಅಂದರೆ ನಮ್ಮ ಕಾಕಾ, ಸಿಂಧನೂರಿನಲ್ಲಿ ಅಕ್ಕಿ ಮಿಲ್ಲಿನ ಲಾರಿ ಓಡಿಸುತ್ತಾರೆ. ನಾನು ಅವರ ಮನೆಯಲ್ಲಿ ಉಂಡುಕೊಂಡು, ಗೊಬ್ಬರದ ಅಂಗಡಿಯ ಚೀಲಗಳನ್ನು ಟಂಟಂ ಗಾಡಿಯಲ್ಲಿ ಹಾಕಿಕೊಂಡು ಸುತ್ತಲಿನ ಹಳ್ಳಿಗಳಿಗೆ, ಕ್ಯಾಂಪುಗಳಿಗೆ ಮುಟ್ಟಿಸುತ್ತೇನೆ. ಕ್ಯಾಂಪು ಎಂದರೆ, ಕಾಲುವೆಗೆ ನೀರು ಬಂದ ಕಾಲದಲ್ಲಿ ಹೊರಗಿನಿಂದ ಬಂದು ನೆಲೆಸಿದವರ ಊರು. ಆಂಧ್ರದ ಕಡೆಯಿಂದ ಭತ್ತ ಬೆಳೆಯಲು ಬಂದವರದು ಹಲವು. ಬಂಗಾಳದ ಆಚೆಯಿಂದ ನಿರಾಶ್ರಿತರಾಗಿ ಬಂದವರದೂ ಇವೆ.

ಹೀಗಾಗಿ ಪ್ರಪಂಚ ನೋಡಲು ನನಗೆ ವಿಮಾನ ಬೇಕಾಗಿಲ್ಲ, ಟಂಟಂ ಸಾಕು. ಗುರುಗುಂಟಾದ ಕಡೆ ಹೋದರೆ ಜೋಳ, ತೊಗರಿ, ಕುರಿ. ಮುಷ್ಟಿಯಿಂದ ಗುದ್ದಿ ಒಡೆದ ಉಳ್ಳಾಗಡ್ಡಿ, ಅದರ ಜೊತೆ ರೊಟ್ಟಿ. ಮಸ್ಕಿ ದಾಟಿ ಈ ಕಡೆ ಬಂದರೆ ಕಾಲುವೆ ಶುರು. ಕಾಲುವೆ ಶುರುವಾದಲ್ಲಿ ರೊಟ್ಟಿ ಮುಗಿಯಿತು, ಮೂರು ಹೊತ್ತೂ ಅನ್ನ. ಬಸ್ಸಿನಲ್ಲಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಊಟವೇ ಬದಲು. ಇನ್ನು ದೂರದ ದೇಶಗಳನ್ನು ಮೊಬೈಲಿನಲ್ಲಿ ನೋಡಿದ್ದೇನೆ. ಒಂದು ಕಡೆ ಜೋಳ ಬೆಳೆದು ದನಕ್ಕೆ ಹಾಕುತ್ತಾರೆ. ಇನ್ನೊಂದು ಕಡೆ ಜೋಳದ ಹಿಟ್ಟನ್ನು ಹುಳಿ ಬರಿಸಿ, ಕಾಗದದಷ್ಟು ತೆಳ್ಳಗೆ ಕಾವಲಿಯ ಮೇಲೆ ಎಳೆದು, ಮನೆಮಂದಿಯೆಲ್ಲ ಒಂದೇ ತಟ್ಟೆಗೆ ಕೈಹಾಕಿ ತಿನ್ನುತ್ತಾರೆ. ಎರಡನ್ನೂ ಚಿಗವ್ವನಿಗೆ ತೋರಿಸಿದ್ದೆ. ಮೊದಲನೆಯದಕ್ಕೆ "ದನ ಪುಣ್ಯ ಮಾಡ್ಯಾವ ಬಿಡು" ಎಂದಳು. ಎರಡನೆಯದನ್ನು ಬಹಳ ಹೊತ್ತು ನೋಡಿ, "ಪಾಪ, ಬಡಿಯಾಕ ಯಾರೂ ಕಲಿಸಿಲ್ಲ ಅವ್ರಿಗೆ" ಎಂದಳು.

ಇಂಥ ಚಿಗವ್ವ ಅಕ್ಕಿಯ ಊರಿನಲ್ಲಿ ರೊಟ್ಟಿ ಕೇಂದ್ರ ತೆರೆದಿದ್ದಳು. ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಲೆ ಹೂಡಿ, ಇಬ್ಬರು ಹೆಣ್ಣುಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಂಡು, ಖಡಕ್ ರೊಟ್ಟಿ ಬಡಿದು ಮಾರುತ್ತಿದ್ದಳು. ಖಡಕ್ ರೊಟ್ಟಿ ಎಂದರೆ ಹಂಚಿನ ಮೇಲೆ ಬೇಯಿಸಿ, ಕೆಂಡದ ಕಾವಿಗೆ ಒಣಗಿಸಿ, ಮುರಿದರೆ ಪಟ್ಟನೆ ಸದ್ದಾಗುವಂತೆ ಮಾಡಿದ್ದು, ತಿಂಗಳಿಟ್ಟರೂ ಕೆಡುವುದಿಲ್ಲ. ಕೆಡುವುದಿಲ್ಲವೆಂಬುದೇ ತೊಂದರೆಯಾಗಿತ್ತು. ಮಾರಾಟವಾಗದೆ ಕೂತರೂ ಹೊಸದರಂತೆಯೇ ಕಾಣುತ್ತಿದ್ದವು.

ಕಾಕಾ ತಮಾಷೆಗೆ ಶುರು ಮಾಡಿದ್ದರು. "ಮೀನಿಗೆ ಈಜು ಕಲಿಸ್ತೀನಿ ಅಂತ ಅಂಗಡಿ ತಗದ್ರ ನಡೀತೈತೇನು? ಅನ್ನ ಉಣ್ಣೋ ಊರಾಗ ರೊಟ್ಟಿ ಮಾರ್ತಾಳಂತ ಇಕಿ." ಬರಬರುತ್ತಾ ತಮಾಷೆ ಹೋಗಿ ಮಾತು ಉಳಿಯಿತು. ಯುಗಾದಿಯೊಳಗೆ ವ್ಯಾಪಾರ ಹತ್ತದಿದ್ದರೆ ಶೆಡ್ಡನ್ನು ಟೈರ್ ಪಂಕ್ಚರ್ ಹಾಕುವವನಿಗೆ ಬಾಡಿಗೆಗೆ ಕೊಡುವುದೆಂದು ಠರಾವಾಯಿತು. ಚಿಗವ್ವ ಹೂಂ ಎಂದಳು. ಆದರೆ ಮರುದಿನ ಹಿಟ್ಟು ನಾದುತ್ತಾ ನನ್ನ ಹತ್ತಿರ ಅಂದಳು: "ಈ ಊರಾಗ ನಂದು ಅಂತ ಇರೋದು ಇದೊಂದ ನೋಡಪ. ಉಳಿದದ್ದೆಲ್ಲಾ ನಿಮ್ಮ ಕಾಕಾಂದು, ಮಿಲ್ಲಿನಂದು." ನಾನು ಕಾಕಾನ ದನಿಯಲ್ಲಿ "ಟೈರ್ ಬಡಿ, ಟೈರ್" ಎಂದು ನಗಿಸಲು ನೋಡಿದೆ. ಹಿಟ್ಟಿನ ಕೈಯಲ್ಲೇ ಬೆನ್ನಿಗೊಂದು ಬಿತ್ತು. ಅಂಗಿಯ ಮೇಲೆ ಐದು ಬೆರಳೂ ಬೆಳ್ಳಗೆ ಮೂಡಿದ್ದವು.

ಇಷ್ಟು ಗೊತ್ತಿದ್ದೂ ನಾನು ಆ ಫೋನ್ ಮಾಡಿದೆ. ಗೋದಾಮಿನಲ್ಲಿ ಮಧ್ಯಾಹ್ನದ ಬಿಡುವು. ಹಮಾಲರು ಚೀಲದ ಮೇಲೆ ಒರಗಿದ್ದರು. ಆಂಧ್ರ ಕ್ಯಾಂಪಿನ ತಾತನನ್ನು ಮಾಡಿ ತೋರಿಸು ಎಂದರು. ಈ ತಾತ ನಮ್ಮ ದೊಡ್ಡ ಗಿರಾಕಿ. ಕನ್ನಡವನ್ನು ತೆಲುಗಿನ ನೀರಲ್ಲಿ ಅದ್ದಿ ಮಾತಾಡುತ್ತಾರೆ. ಪ್ರತಿ ಮಾತಿನ ಕೊನೆಗೆ "ಅರ್ಥಮೈಂದಾ?" ಎಂದು ಮೊಳೆ ಹೊಡೆಯುತ್ತಾರೆ. ಅವರ ದನಿ ನನಗೆ ಎಷ್ಟು ಕೂಡುತ್ತದೆಂದರೆ, ಸುಮ್ಮನೆ ಹಮಾಲರ ಮುಂದೆ ಮಾಡಿ ಮುಗಿಸಲು ಮನಸ್ಸಾಗಲಿಲ್ಲ. ಒಬ್ಬ ಹಮಾಲನ ಫೋನ್ ಇಸಿದುಕೊಂಡು ಚಿಗವ್ವನಿಗೆ ಹಚ್ಚಿದೆ.

"ಏನಮ್ಮಾ, ನಾನು ಆಂಧ್ರ ಕ್ಯಾಂಪಿಂದ. ನೀನೇನಾ ರೊಟ್ಟಿ ಮಾಡೋದು? ಭಾನುವಾರ ನಮ್ಮ ಮನೇಲಿ ಮದುವೆ ಐತೆ. ಬಂದೋರಿಗೆಲ್ಲ ಜೋಳದ ರೊಟ್ಟಿ ಹಾಕಬೇಕು. ಎಷ್ಟಾದರೂ ಸರಿ, ತಕ್ಕುವ, ಅಂದರೆ ಕಡಿಮೆ, ಬೀಳಬಾರದು, ಅರ್ಥಮೈಂದಾ?"

ಆ ಕಡೆಯಿಂದ ಚಿಗವ್ವ, ನಾನು ಎಂದೂ ಕೇಳಿರದ ಸಣ್ಣ ದನಿಯಲ್ಲಿ, "ಮಾಡ್ತೀನ್ರೀ ಯಜಮಾನ್ರ. ಎಷ್ಟಾದ್ರೂ ಮಾಡ್ತೀನ್ರೀ. ನಿಮ್ಮ ಹೊಟ್ಟಿ ತಣ್ಣಗಿರ್ಲಿ" ಎಂದು ಫೋನ್ ಇಟ್ಟುಬಿಟ್ಟಳು. ಹಮಾಲರು ಬಿದ್ದು ಬಿದ್ದು ನಕ್ಕರು. ಸಂಜೆ ಮನೆಗೆ ಹೋಗಿ ನನ್ನ ದನಿಯಲ್ಲಿ ಹೇಳಿದರಾಯಿತು, ಇನ್ನೊಂದು ಗುದ್ದು ಬಿದ್ದರಾಯಿತು ಎಂದುಕೊಂಡು ನಾನೂ ನಕ್ಕೆ.

ಸಂಜೆ ಹೋಗಿ ನೋಡಿದರೆ ಶೆಡ್ಡಿನಲ್ಲಿ ಹೊಸದಾಗಿ ಇನ್ನೆರಡು ಒಲೆ ಹೊತ್ತಿದ್ದವು. ಮಸ್ಕಿಯಿಂದ ಚಿಗವ್ವನ ಇಬ್ಬರು ಗೆಳತಿಯರು ಸಿಕ್ಕ ಬಸ್ಸಿಗೇ ಬಂದು ಕೂತಿದ್ದರು. ಗಿರಣಿಯಿಂದ ಬಂದ ಜೋಳದ ಹಿಟ್ಟು ಇನ್ನೂ ಬೆಚ್ಚಗಿತ್ತು. ಟಪಟಪ, ಟಪಟಪ ಎಂದು ಶೆಡ್ಡಿನ ತಗಡೆಲ್ಲ ನಡುಗುತ್ತಿತ್ತು. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಕಾಕಾ ನನ್ನನ್ನು ನೋಡಿ, "ನಿಮ್ಮ ಚಿಗವ್ವ ಗೆದ್ದಳಪ. ಕ್ಯಾಂಪಿನವ್ರ ಮದುವ್ಯಾಗ ರೊಟ್ಟಿ ಕೇಳ್ತಾರಂದ್ರ ಇನ್ನೇನು! ಟೈರಿನವಗ ಬ್ಯಾಡ ಅಂತ ಹೇಳಿ ಬಂದೀನಿ" ಎಂದರು.

ನಾನು ನನ್ನ ಸ್ವಂತ ದನಿಯಲ್ಲಿ ಮಾತಾಡಬೇಕಾಗಿ ಬಂದ ಅಪರೂಪದ ಗಳಿಗೆ ಅದು. ದನಿಯೇ ಬರಲಿಲ್ಲ. ಅಷ್ಟರಲ್ಲಿ ಚಿಗವ್ವ ಬೆಂಕಿಯ ಕಾವಿಗೆ ಕೆಂಪಾದ ಮುಖ ಹೊತ್ತು ಬಂದು, ಹಂಚಿನಿಂದ ಇಳಿಸಿದ ಬಿಸಿ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ನನ್ನ ಕೈಗೆ ಕೊಟ್ಟು, "ತಿನ್ಲೇ. ಮದುವಿ ರೊಟ್ಟಿ" ಎಂದಳು. ನಾನು ತಿಂದೆ. ಇಲ್ಲದ ಮದುವೆಯ ಮೊದಲ ಪಂಕ್ತಿಯಲ್ಲಿ ನಾನೊಬ್ಬನೇ ಕೂತು ಉಂಡೆ.

ಸತ್ಯ ಹೇಳುವ ಧೈರ್ಯ ಇಲ್ಲದವನಿಗೆ ಉಪಾಯ ಬಹಳ ಹೊಳೆಯುತ್ತವೆ. ರೊಟ್ಟಿಯನ್ನು ನಾನೇ ಕ್ಯಾಂಪಿಗೆ ಮುಟ್ಟಿಸುತ್ತೇನೆ ಎಂದು ಹೇಳಿ, ದಾರಿಯಲ್ಲಿ ಎಲ್ಲವನ್ನೂ ಮಾರಿ, ಬಂದ ರೊಕ್ಕವನ್ನು ತಾತನ ರೊಕ್ಕವೆಂದು ತಂದುಕೊಡುವುದು. ಇದು ನನ್ನ ಉಪಾಯ. ಭಾನುವಾರ ಬೆಳಗ್ಗೆ ಚಿಗವ್ವ ರೊಟ್ಟಿಯನ್ನು ಬಿಳಿಯ ಬಟ್ಟೆಯಲ್ಲಿ ಗಂಟು ಕಟ್ಟಿ, ಟಂಟಂನಲ್ಲಿ ಮಗುವನ್ನು ಮಲಗಿಸುವಂತೆ ಇಟ್ಟು, "ಹಂಪು ಬಂದಲ್ಲಿ ಸಾವಕಾಶ ಹೋಗು" ಎಂದಳು.

ಮೊದಲು ಹೋದದ್ದು ಮುಕ್ಕುಂದಕ್ಕೆ. ಅಲ್ಲಿ ಭತ್ತ ಬೆಳೆಯುವ ಒಬ್ಬ ಗೌಡರು ನನಗೆ ಪರಿಚಯ. ಅವರ ಅಂಗಳದಲ್ಲಿ ಭತ್ತದ ಚೀಲ ನನಗಿಂತ ಎತ್ತರ ನಿಂತಿದ್ದವು. ರೊಟ್ಟಿ ನೋಡಿದ್ದೇ ತಡ, ಗೌಡರ ಮುಖ ಅರಳಿತು.

"ಬಾರಪ, ಬಾರಪ! ಡಾಕ್ಟರ್ ಬರೆದುಕೊಟ್ಟಾನ ಇದನ್ನ. ಸಕ್ಕರಿ ಕಾಯಿಲಿ ಬಂದೈತಿ ನೋಡು, ಅನ್ನ ಬಿಟ್ಟು ರೊಟ್ಟಿ ತಿನ್ರಿ ಅಂದಾನ."

"ಹಂಗಾರ ಚಲೋ ಆತಲ್ರೀ. ಎಷ್ಟು ಕೊಡ್ಲಿ?"

"ಒಂದ ಮಾತು ಹೇಳು. ಊಟಕ್ಕ ಮೊದಲು ತಗೋಬೇಕೋ, ಆಮ್ಯಾಲೋ?"

ಒಳಗಿನಿಂದ ಅವರ ಹೆಂಡತಿ ಕೂಗಿದಳು: "ಅನ್ನದ ಬದಲಿಗೆ ತಿನ್ನಬೇಕು ಅಂತ ಅಂದಾನ್ರೀ ಡಾಕ್ಟರ್!"

"ಬದಲಿಗೆ ಅಂದ್ರ ಹೆಂಗ? ಅನ್ನ ಉಣ್ಣದ ಊಟ ಮುಗಿದದ್ದು ಹೆಂಗ ಗೊತ್ತಾಗ್ತೈತಿ?"

ಗೌಡರು ನನ್ನ ಕಣ್ಣೆದುರೇ ಒಂದು ತಟ್ಟೆ ಅನ್ನ ಸಾರು ಉಂಡರು, ಒಂದು ತಟ್ಟೆ ಅನ್ನ ಮಜ್ಜಿಗೆ ಉಂಡರು. ಆಮೇಲೆ ಒಂದು ರೊಟ್ಟಿಯನ್ನು ಮುರಿದು, ಚೂರು ಚೂರಾಗಿ ಬಾಯಿಗೆ ಹಾಕಿಕೊಂಡು, ಮೇಲೆ ನೀರು ಕುಡಿದು ಗುಳಿಗೆ ನುಂಗಿದಂತೆ ನುಂಗಿದರು. "ಹಗುರ ಅನಿಸ್ತೈತಿ" ಎಂದು ಹೊಟ್ಟೆ ಸವರಿಕೊಂಡರು. ಅವರ ಓಣಿಯಲ್ಲಿ ಇದೇ ಕಾಯಿಲೆಯವರು ಇನ್ನೂ ಇದ್ದರು. ಒಂದು ಗಂಟು ಅಲ್ಲೇ ಖಾಲಿಯಾಯಿತು.

ಅಲ್ಲಿಂದ ಬಂಗಾಳಿ ಕ್ಯಾಂಪಿಗೆ. ಕೆರೆಯ ದಂಡೆಯಲ್ಲಿ ಬಲೆ ಒಣಗಿಸುತ್ತಿದ್ದ ಒಬ್ಬ ಅಜ್ಜಿ ನನಗೆ ಗೊತ್ತು. ಹುಟ್ಟಿದ್ದು ಎಲ್ಲೋ ಹೊಳೆಗಳ ನಾಡಿನಲ್ಲಿ. ಬೈಯುವುದು ಮಾತ್ರ ಅಚ್ಚ ಸಿಂಧನೂರಿನ ಕನ್ನಡದಲ್ಲಿ. ರೊಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ಮುರಿದಳು. ಪಟ್ ಎಂದಿತು. "ಒಣಗಿದ್ದು ತಂದಿಯೇನೋ ಬಾಬಾ?" ಎಂದಳು.

"ಒಣಗಿಸಿದ್ದು ಅಜ್ಜಿ. ಬೇಕಂತ ಒಣಗಿಸಿದ್ದು. ಅದರ ಗುಣನ ಅದು."

"ಮೀನಿಗೂ ಹಂಗ ಮಾಡ್ತೀವಿ ನಾವು" ಎಂದು ತಲೆಯಾಡಿಸಿದಳು. ಒಂದು ಬೋಗುಣಿಯಲ್ಲಿ ರೊಟ್ಟಿಯನ್ನು ಪುಡಿಪುಡಿ ಮಾಡಿದಳು. ನನ್ನ ಎದೆಯಲ್ಲೇ ಏನೋ ಮುರಿದಂತಾಯಿತು. ಐದು ಮಂದಿ ಬೆವರು ಸುರಿಸಿ ದುಂಡಗೆ ಬಡಿದದ್ದು! ಅದರ ಮೇಲೆ ಸಾಸಿವೆ ಎಣ್ಣೆ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ ಹಾಕಿ ಕಲೆಸಿ, ಮಂಡಾಳ, ಅಂದರೆ ಮಂಡಕ್ಕಿ, ತಿನ್ನುವಂತೆ ಮುಷ್ಟಿಯಲ್ಲಿ ತುಂಬಿ ನನ್ನ ಬಾಯಿಗೂ ಹಾಕಿದಳು. ಸಾಸಿವೆ ಎಣ್ಣೆ ಮೂಗಿಗೇರಿ ಕಣ್ಣಲ್ಲಿ ನೀರು ಬಂತು. ರುಚಿ ಮಾತ್ರ ಎಷ್ಟಿತ್ತೆಂದರೆ, ಎರಡನೆಯ ಮುಷ್ಟಿಗೆ ನಾನೇ ಕೈ ಒಡ್ಡಿದೆ. ಅಜ್ಜಿ ನಾಲ್ಕು ಮನೆಗೆ ಕೂಗಿ ಹೇಳಿದಳು. ಇನ್ನೊಂದು ಗಂಟು ಹೋಯಿತು.

ಉಳಿದದ್ದು ಒಂದೇ ಗಂಟು, ಎಲ್ಲಕ್ಕಿಂತ ದೊಡ್ಡದು. ಉಳಿದ ಊರೂ ಒಂದೇ. ತಾತನ ಕ್ಯಾಂಪಿಗೆ ಹೋಗುವುದೆಂದರೆ ಕಳ್ಳ ತಾನೇ ಠಾಣೆಗೆ ಹೋಗಿ ಚಹಾ ಕೇಳಿದಂತೆ. ಆದರೂ ಹೋದೆ; ತಾತನ ಮನೆಯವರೇ ಒಂದಿಷ್ಟು ಕೊಂಡರೆ ನನ್ನ ಸುಳ್ಳು ಅಷ್ಟರಮಟ್ಟಿಗಾದರೂ ಖರೇ ಆಗುತ್ತದಲ್ಲ ಎಂಬ ಆಸೆ.

ತಾತ ಊಟಕ್ಕೆ ಕೂತಿದ್ದರು. ಬಾಳೆಲೆಯ ಮೇಲೆ ಅನ್ನದ ಗುಡ್ಡ, ಗಟ್ಟಿ ಬೇಳೆ, ಅದರ ನಡುವೆ ತುಪ್ಪದ ಬಾವಿ, ಪಕ್ಕದಲ್ಲಿ ಮಾವಿನ ಉಪ್ಪಿನಕಾಯಿ. "ಏಮಿರಾ ಅಬ್ಬಾಯ್, ಗೊಬ್ಬರ ಬಿಟ್ಟು ಇದೇನು?" ಎಂದರು. ಹೇಳಿದೆ. ಸೊಸೆ ಒಂದು ರೊಟ್ಟಿಯನ್ನು ತೆಗೆದುಕೊಂಡು, ಹಿಂದೆ ಮುಂದೆ ನೋಡಿ, ನಾಲ್ಕು ತುಂಡು ಮಾಡಿ, ಎಲೆಯ ತುದಿಗೆ, ಹಪ್ಪಳ ಇಡುವ ಜಾಗದಲ್ಲಿ ಇಟ್ಟಳು. ತಾತ ಅನ್ನದ ತುತ್ತು ಬಾಯಿಗಿಟ್ಟು, ಹಿಂದೆಯೇ ರೊಟ್ಟಿಯ ತುಂಡು ಕಡಿದರು. ಕರಕರ ಎಂದಿತು. ಕಣ್ಣು ಮುಚ್ಚಿದರು. ಇನ್ನೊಂದು ತುತ್ತು, ಇನ್ನೊಂದು ಕರಕರ.

"ಹಪ್ಪಳ ಬಾಗುಂದಿರಾ! ಎಣ್ಣೆ ಒಂದು ಹನಿ ಇಲ್ಲ, ಆದರೂ ಇಷ್ಟು ಗರಿ! ಯಾರು ಮಾಡಿದ್ದು?"

ಆ ಹೊಗಳಿಕೆಗೆ ಉಬ್ಬಿ ಚಿಗವ್ವನ ಫೋನ್ ನಂಬರ್ ಹೇಳಿಬಿಟ್ಟೆ. ನಾಲಿಗೆ ತಿರುಗಿ ಒಳಗೆ ಹೋಗುವಷ್ಟರಲ್ಲಿ ತಾತ ಎಡಗೈಯಲ್ಲಿ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಎಲೆಯ ಪಕ್ಕ ಇಟ್ಟಿದ್ದರು.

"ಏನಮ್ಮಾ, ನಾನು ಕ್ಯಾಂಪಿಂದ ಮಾತಾಡ್ತಾ ಇದೀನಿ..."

"ಗೊತ್ತಾತ್ರೀ ಯಜಮಾನ್ರ! ರೊಟ್ಟಿ ಮುಟ್ಟಿದವಾ ರೀ? ಮದುವಿ ಚಲೋ ಆತಾ?"

ತಾತ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದರು. "ಎವರಿ ಪೆಳ್ಳಿ? ಯಾರ ಮದುವೆ?"

"ನಿಮ್ಮ ಮನೀದ ರೀ! ನೀವ ಅಲ್ರೀ ಫೋನ್ ಹಚ್ಚಿದ್ದು, ಎಷ್ಟಾದ್ರೂ ಸರಿ ಅಂತ?"

ತಾತ ನನ್ನ ಕಡೆ ನೋಡಿದರು. ಸೊಸೆ ನೋಡಿದಳು. ಗೋಡೆಯ ಮೇಲಿನ ಹಲ್ಲಿಯೂ ನೋಡಿತು. ನಾನು ಬಾಯಿಬಿಟ್ಟೆ. ನನ್ನ ದನಿ ಮೊದಲು ತಡವರಿಸಿತು, ಆಮೇಲೆ ಎಲ್ಲ ಹೇಳಿತು. ತಾತ ಸಿಟ್ಟಾಗುತ್ತಾರೆಂದುಕೊಂಡರೆ, "ಹೆಂಗ ಮಾತಾಡಿದಿ? ಮಾಡಿ ತೋರಿಸು" ಎಂದರು. ಮಾಡಿದೆ. ಅದೇ ಮಾತು, ಅದೇ "ಅರ್ಥಮೈಂದಾ?"

ತಾತ ಗಂಭೀರವಾಗಿ ತೂಕ ಹಾಕಿ ಹೇಳಿದರು: "ದನಿ ನಂದೇ. ಆದರೆ ಅಮ್ಮಾ, ನೀನು ಅಲ್ಲೇ ಹಿಡೀಬೇಕಿತ್ತು. ನಾನು ರೇಟು ಕೇಳದೆ ಕೊತ್ತಂಬರಿ ಕೂಡಾ ತಗೊಳ್ಳಲ್ಲ."

ಚಿಗವ್ವ ಫೋನ್ ಇಟ್ಟಳು.

ಮನೆಗೆ ಬಂದಾಗ ಅವಳು ಬೈಯಲಿಲ್ಲ. ತಾತನ ಸೊಸೆ ಇಳಿಸಿಕೊಂಡ ಕೊನೆಯ ಗಂಟಿನದೂ ಸೇರಿಸಿ ರೊಕ್ಕ ಕೈಗೆ ಕೊಟ್ಟೆ. ಮುಕ್ಕುಂದದ ಗುಳಿಗೆ, ಬಂಗಾಳಿ ಅಜ್ಜಿಯ ಬೋಗುಣಿ, ತಾತನ ಎಲೆ, ಎಲ್ಲ ಹೇಳಿದೆ, ಯಾರ ದನಿಯನ್ನೂ ಮಾಡದೆ ಹೇಳಿದೆ. ಕೇಳಿದಳೋ ಇಲ್ಲವೋ. ಊಟಕ್ಕೆ ಕೂತಾಗ ನನ್ನ ತಟ್ಟೆಗೆ ಅನ್ನ ಬಂತು. ಆ ಮನೆಯಲ್ಲಿ ಅನ್ನ ಬರುವುದು ಜ್ವರ ಬಂದವರಿಗೆ, ಇಲ್ಲವೆ ನೆಂಟರಿಗೆ. ನನಗೆ ಜ್ವರ ಇರಲಿಲ್ಲ.

"ಚಿಗವ್ವ, ರೊಟ್ಟಿ?"

"ಮದುವಿಗೆ ಹೋಗ್ಯಾವ."

ಕಾಕಾ "ಹಂಗಾರ ಕ್ಯಾಂಪಿನವ್ರು ಕೇಳಿಲ್ಲ. ಯಾರೂ ಕೇಳಿಲ್ಲ" ಎಂದರು. ಗೆದ್ದ ದನಿಯಲ್ಲಿ ಅಲ್ಲ. ಅದಕ್ಕೇ ಕೇಳಲು ಕಷ್ಟವಾಯಿತು. ಮಸ್ಕಿಯ ಗೆಳತಿಯರು ತಮ್ಮ ಸೀರೆಯ ಗಂಟು ಕಟ್ಟಿಕೊಂಡರು.

ಮರುದಿನ ಬೆಳಗ್ಗೆ ಟೈರಿನವನು ಟೇಪು ಹಿಡಿದು ಬಂದ. ಶೆಡ್ಡಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಟೇಪು ಎಳೆಯುತ್ತಾ, "ಇಲ್ಲಿ ಗಾಳಿ ಮಷೀನು, ಒಲಿ ಇರೋ ಜಾಗಾದಾಗ ಹಳೇ ಟೈರು" ಎಂದು ಕಾಕಾನಿಗೆ ವಿವರಿಸುತ್ತಿದ್ದ. ಚಿಗವ್ವ ಅವನತ್ತ ನೋಡದೆ ಉಳಿದ ಹಿಟ್ಟನ್ನು ಬಡಿಯುತ್ತಿದ್ದಳು. ಹಿಟ್ಟು ಕೆಡಬಾರದಲ್ಲ ಎಂಬುದು ನೆಪ. ನಾನು ಟೇಪಿನ ಇನ್ನೊಂದು ತುದಿ ಹಿಡಿಯಲು ಒಲ್ಲೆ ಎಂದು ಹೊರಗೆ ನಿಂತಿದ್ದೆ.

ಆಗ ತಾತನ ಬೈಕು ಬಂದು ನಿಂತಿತು. ಹಿಂದೆ ಸೊಸೆ ಕೂತಿದ್ದಳು. ತಾತ ನೇರ ಶೆಡ್ಡಿನೊಳಗೆ ಬಂದು, ಟೇಪನ್ನು ದಾಟಿ, ಚಿಗವ್ವನ ಮುಂದೆ ನಿಂತರು.

"ಅಮ್ಮಾ, ನಾನು ನಿಜವಾದ ನಾನು. ಬೇಕಾದರೆ ಮುಟ್ಟಿ ನೋಡು. ನಮ್ಮ ಕ್ಯಾಂಪಿನಲ್ಲಿ ಹೊಸ ಮನೆ ಪ್ರವೇಶ ಐತೆ. ಊಟಕ್ಕೆ ನಿನ್ನ ಹಪ್ಪಳ ಬೇಕು. ಆಮೇಲೆ ನಮ್ಮ ಮನೆಗೆ ತಿಂಗಳು ತಿಂಗಳು ಬೇಕು, ಸೊಸೆ ಹೇಳ್ತಾಳೆ."

ಚಿಗವ್ವನ ಕೈ ನಿಲ್ಲಲಿಲ್ಲ. ಅವಳು ಮೊದಲು ನನ್ನ ಬಾಯಿ ಮುಚ್ಚಿದೆಯೋ ಇಲ್ಲವೋ ನೋಡಿದಳು. ಮುಚ್ಚಿತ್ತು. ಆಮೇಲೆ ರೇಟು ಹೇಳಿದಳು.

ತಾತ ಸೊಸೆಯ ಕಡೆ ನೋಡಿ, ಕಾಕಾನ ಕಡೆ ನೋಡಿ, ಮೀಸೆ ಸವರಿಕೊಂಡರು. ರೇಟಿನ ಮಾತು ಬಂದದ್ದೇ ಅವರಿಗೆ ಹತ್ತು ವರ್ಷ ಕಡಿಮೆಯಾದಂತಿತ್ತು. "ಅದು ರೊಟ್ಟಿ ರೇಟು ಅಮ್ಮಾ. ನಾನು ಕೇಳಿದ್ದು ಹಪ್ಪಳ. ಹಪ್ಪಳಕ್ಕೆ ಹಪ್ಪಳದ ರೇಟು ಹಾಕು. ರೊಟ್ಟಿ ರೇಟು ಕೊಟ್ಟು ಹಪ್ಪಳ ತಂದ ಅಂದರೆ ನಮ್ಮ ಕ್ಯಾಂಪಿನವರು ನಗ್ತಾರೆ, ಅರ್ಥಮೈಂದಾ?"

ಕಾಕಾ ನನ್ನ ಕಡೆ ಗಾಬರಿಯಿಂದ ನೋಡಿದರು. ಬಂದ ಗಿರಾಕಿ ಹೋಗಿಬಿಟ್ಟರೆ? ಒಂದಿಷ್ಟು ಇಳಿಸಲು ಹೇಳು ಎಂದು ಕಣ್ಣಿನಲ್ಲೇ ಸನ್ನೆ. ನಾನು ಯಾರ ದನಿಯಲ್ಲಿ ಹೇಳಲಿ? ಟೈರಿನವನು ಮಂಡಿಯೂರಿದಲ್ಲೇ ತಲೆಯೆತ್ತಿದ. ಇದರ ಮುಂದೆ ಹೆಚ್ಚೇನೂ ಮಾತು ನಡೆಯಲಿಲ್ಲ. ತಾತ ಜೋರಾಗಿ ನಕ್ಕು ಮುಂಗಡ ಕೊಟ್ಟರು, ಟೈರಿನವನು ಟೇಪು ಸುತ್ತಿಕೊಂಡು ಬೇರೆ ಶೆಡ್ಡು ಹುಡುಕಲು ಹೋದ, ಮಸ್ಕಿಯ ಗೆಳತಿಯರು ಗಂಟು ಬಿಚ್ಚಿ ಮತ್ತೆ ಒಲೆಯ ಮುಂದೆ ಕೂತರು. ಇದೆಲ್ಲ ಆದದ್ದು ಚಿಗವ್ವ ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಲ್ಲಿ ನೀರು ಸವರುತ್ತಾ, ತಲೆ ಕೂಡ ಎತ್ತದೆ, ಹೀಗೆಂದ ಮೇಲೆ:

"ತಿನ್ನೋ ಮುಂದ ಹಪ್ಪಳ ಅನ್ರಿ, ಗುಳಿಗಿ ಅನ್ರಿ, ಏನ್ ಬೇಕಾದ್ರೂ ಅನ್ರೀ ಯಜಮಾನ್ರ. ನಾ ಬಡಿಯೋ ಮುಂದ ಅದು ರೊಟ್ಟೀನ."